ಕುಬಸದ ಕರೆಗೆ ಹೋದ ಉತ್ತರ

ಎದೆ ಧಸಕ್ಕೆಂದಿತು ಅಂತ ಜನ ಹೇಳುವುದನ್ನು ಕೇಳಿದ್ದೆ. ಅದು ಹೇಗಿರುತ್ತದೆಂದು ಗೊತ್ತಾದದ್ದು ಶಿಗ್ಗಾಂವದ ನಮ್ಮ ಮನೆಯಲ್ಲಿ, ಮಟಮಟ ಮಧ್ಯಾಹ್ನ, ಕಂಪ್ಯೂಟರ್ ಮುಂದೆ ಕೂತಾಗ.

ನಾನು ಮತ್ತು ಸವಣೂರಿನ ನನ್ನ ಗೆಳತಿ ಸೇರಿ, ರೊಟ್ಟಿ ಚಟ್ನಿಪುಡಿ ಮಾಡಿ ಮಾರುವ ಹೆಣ್ಣುಮಕ್ಕಳಿಗಾಗಿ ಒಂದು ಆ್ಯಪ್ ಮಾಡಿದ್ದೇವೆ. ಅದರ ಕೋಡ್ ಇಟ್ಟಿರುವ ತಾಣವನ್ನು ನೋಡಿಕೊಳ್ಳುವುದು ಅವಳ ಪಾಲು. ತಿಂಗಳಿಗೊಮ್ಮೆ ಎಲ್ಲರಿಗೂ ಇಮೇಲ್ ಕಳಿಸುವುದು ನನ್ನ ಪಾಲು. ಆ ಇಮೇಲಿಗೆ ಬರುವ ಉತ್ತರಗಳನ್ನು ಓದಿ ಅವಳಿಗೆ ದಾಟಿಸುವುದೇ ದೊಡ್ಡ ತಲೆನೋವು. ಬೇಸತ್ತು ಎರಡಕ್ಕೂ ಗಂಟು ಹಾಕಿಬಿಟ್ಟೆ. ಉತ್ತರ ಬಂದರೆ ತಾನಾಗಿಯೇ ಅವಳ ತಾಣದಲ್ಲಿ ದೂರು ಎಂದು ದಾಖಲಾಗಬೇಕು. ಅವಳು ಸರಿಪಡಿಸಿದರೆ ಬರೆದವರಿಗೆ ತಾನಾಗಿಯೇ ಇಮೇಲ್ ಹೋಗಬೇಕು. ಬಹಳ ದಿನ ಯಾರೂ ಮುಟ್ಟದ ದೂರನ್ನು ಯಂತ್ರವೇ ಮುಚ್ಚಿ, ನಾನು ಮೊದಲೇ ಬರೆದಿಟ್ಟ ಮಾತಿನಲ್ಲಿ ಹಾಗೆಂದು ತಿಳಿಸಬೇಕು. ಮಾಡಿ ಮುಗಿಸಿದ ದಿನ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಆದರೆ ನಮ್ಮ ಕಡೆಯ ಹೆಣ್ಣುಮಕ್ಕಳು ಬರೀ ದೂರು ಬರೆದು ಸುಮ್ಮನಾಗುವವರಲ್ಲ. ಮನೆಮಂದಿಯ ಸುದ್ದಿ ಹೇಳದಿದ್ದರೆ ಅವರಿಗೆ ಉಂಡ ಅನ್ನ ಕರಗುವುದಿಲ್ಲ. ಅದು ನನಗೆ ಗೊತ್ತಿತ್ತು, ಯಂತ್ರಕ್ಕೆ ಗೊತ್ತಿರಲಿಲ್ಲ.

ಹಿರೇಕೆರೂರಿನಲ್ಲಿ ಖಡಕ್ ರೊಟ್ಟಿ ಮಾಡುವ ಅಕ್ಕ ಒಬ್ಬರಿದ್ದಾರೆ. ಆ ಊರಿಗೆ ಹೋದಾಗಲೆಲ್ಲ ನನ್ನ ಊಟ ಅವರ ಮನೆಯಲ್ಲೇ. ಇತ್ತೀಚೆಗೆ ಅವರು ನನ್ನ ಫೋನ್ ಎತ್ತುತ್ತಿರಲಿಲ್ಲ, ಆ್ಯಪಿನಿಂದಲೂ ಹೊರಬಿದ್ದಿದ್ದರು. ಆ್ಯಪಿನಲ್ಲಿ ಏನಾದರೂ ಕೆಟ್ಟಿರಬೇಕೆಂದು ಆ ಮಧ್ಯಾಹ್ನ ದೂರುಗಳ ಸಾಲಿನಲ್ಲಿ ಅವರ ಹೆಸರು ಹುಡುಕಿದೆ. ಸಿಕ್ಕಿತು.

‘ಮಗಳ ಕುಬಸ ಇಟ್ಕೊಂಡೇವ್ರಿ. ಹಿಂದಿನ ಸಲ ಬಸುರು ನಿಲ್ಲಲಿಲ್ಲ, ನಿಮಗ ಗೊತ್ತೈತಿ. ಈ ಸಲ ನೀವು ಬಂದು ಉಡಿ ತುಂಬಬೇಕ್ರಿ.’

ರಾಶಿ ದೂರುಗಳ ನಡುವೆ ಅದನ್ನು ಯಾರೂ ತೆರೆದಿರಲಿಲ್ಲ. ಅದರ ಕೆಳಗೆ, ನನ್ನ ಹೆಸರಿನಲ್ಲಿ ಹೋಗಿದ್ದ ಉತ್ತರ: ‘ನಿಮ್ಮ ಕೋರಿಕೆಯನ್ನು ಪರಿಶೀಲಿಸಲಾಗಿದೆ. ಇದರ ಅಗತ್ಯವಿಲ್ಲವೆಂದು ತೀರ್ಮಾನಿಸಿ ಮುಚ್ಚಲಾಗಿದೆ.’

ಸೀಮಂತಕ್ಕೆ ಕರೆದ, ಬಸುರಿ ಹೆಣ್ಣುಮಗಳಿರುವ ಮನೆಗೆ ಇಂಥ ಮಾತನ್ನು ವೈರಿಯೂ ಕಳಿಸುವುದಿಲ್ಲ. ಗೆಳತಿಗೆ ಫೋನ್ ಮಾಡಿ ಓದಿ ಹೇಳಿದೆ. ‘ಯಾ ಅಲ್ಲಾ’ ಎಂದಳು. ಆಮೇಲೆ, ‘ಫೋನಿನ್ಯಾಗ ಮುಗಿಯೂ ಮಾತಲ್ಲ ಇದು. ಈಗಿಂದೀಗ ಹೋಗು’ ಎಂದಳು.

ಕುಬಸದ ದಿನ ದಾಟಿಹೋಗಿತ್ತು. ಆದರೂ ಹಾನಗಲ್ಲಿನಲ್ಲಿ ಬಸ್ಸು ಬದಲಿಸುವಾಗ ಹಸಿರು ಬಳೆ, ರವಿಕೆಯ ಕಣ, ತೆಂಗಿನಕಾಯಿ ಕೊಂಡೆ. ದಾರಿಯುದ್ದಕ್ಕೂ ಒಂದೇ ಬೇಡಿಕೆ: ಆ ಹುಡುಗಿಯ ಹೊಟ್ಟೆ ತಣ್ಣಗಿರಲಿ.

ಬಾಗಿಲಲ್ಲಿ ನನ್ನನ್ನು ಕಂಡ ಅಕ್ಕ ‘ಬರ್ರಿ’ ಎಂದರು. ನಗಲಿಲ್ಲ. ಮಗಳು ಗೋಡೆಗೆ ಒರಗಿ ಕೂತಿದ್ದಳು, ತುಂಬು ಹೊಟ್ಟೆ. ನನಗೆ ಉಸಿರು ಬಂತು.

‘ನಿಮ್ಮ ಉತ್ತರ ಓದಿದಾಕಿ ಇಕೀನ ರಿ. ಮತ್ತ ಹಂಗ ಆಗತೈತೇನೋ ಅಂತ ಅಂಜಿ ಊಟಾನ ಬಿಟ್ಟಿದ್ಲು’ ಎಂದರು ಅಕ್ಕ.

‘ಅಕ್ಕಾರ, ಅದು ನಾ ಬರದದ್ದಲ್ರಿ. ಯಂತ್ರ ತಾನ ಕಳಿಸೇತಿ. ನೀವು ಕರದದ್ದೂ ನನಗ ಗೊತ್ತಾಗಲಿಲ್ರಿ’ ಎಂದು ನಾನು ಹಾಕಿದ ಗಂಟನ್ನೆಲ್ಲ ಬಿಡಿಸಿ ಹೇಳಿದೆ.

ಅವರು ಪೂರ್ತಿ ಕೇಳಿದರು. ‘ಹಂಗಾರ ನೀವು ಬ್ಯಾಡ ಅಂದಿಲ್ಲ?’

‘ಇಲ್ರಿ, ದೇವರಾಣಿ.’

ಮಗಳು ಕಣ್ಣೊರೆಸಿಕೊಂಡು ನಕ್ಕಳು. ಅಕ್ಕ ನೀರು ತಂದರು, ಚಾಕ್ಕೆ ಇಟ್ಟರು. ಉಡಿ ತುಂಬಿಸಿದರು ಕೂಡ. ಗೆದ್ದೆ ಅಂದುಕೊಂಡು ಚಾದ ಬಸಿ ಕೈಗೆತ್ತಿಕೊಂಡೆ. ಆಗ ಅಕ್ಕ ಏನೋ ಹೊಳೆದವರಂತೆ ನನ್ನ ಕಡೆ ತಿರುಗಿದರು.

‘ಅಲ್ರಿ, ತಿಂಗಳಾ ತಪ್ಪದ ನನ್ನ ಹೆಸರು ಹಿಡದು, ಮನ್ಯಾಗ ಎಲ್ಲಾರೂ ಆರಾಮ ಅದೀರಿಲ್ರಿ ಅಂತ ಕೇಳ್ತಿದ್ರಲ್ಲ, ಅದು ನೀವ ಹೌದಲ್ರಿ?’

ಒಮ್ಮೆ ಬರೆದಿಟ್ಟ ಸಾಲು ಅದು. ಹೆಸರು ಬದಲಾಗಿ ಎಲ್ಲರಿಗೂ ಹೋಗುತ್ತದೆ. ಬಸಿ ಕೆಳಗಿಟ್ಟೆ.

‘ಅದೂ ಯಂತ್ರಾನ ರಿ’ ಎಂದೆ.

ಅಕ್ಕ ಮಗಳ ಮುಖ ನೋಡಿದರು.

‘ನಾವು ಖರೇನ ಅಂತ ತಿಳದು ಮನೀದೆಲ್ಲಾ ಹೇಳ್ತಿದ್ವಲ್ಲವ್ವ’ ಎಂದರು.