ಲಾಯ್ ಸ್ಯೂಓ ಬರೆದ ಪ್ರತಿಭಟನೆಯ ರಟ್ಟು

ನಮ್ಮ ತೈಪೆಯ ಹಣಕಾಸು ಇಲಾಖೆಯಲ್ಲಿ ಪರದೇಶದ ಸಭೆಗೆ ಪೆಟ್ಟಿಗೆ ಕಟ್ಟುವುದರಲ್ಲಿ ನನ್ನನ್ನು ಮೀರಿಸುವವರು ಇನ್ನೂ ಹುಟ್ಟಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಒಂದು ಗುಂಡುಸೂಜಿಯನ್ನೂ ಮರೆತವನಲ್ಲ. ಇರಲಿ, ಈ ಬರಹ ನಮ್ಮ ಟೈಪಿಸ್ಟ್ ಲಾಯ್ ಸ್ಯೂಓ ಬಗ್ಗೆ.

ಅವಳಪ್ಪ ತೈನಾನಿನಲ್ಲಿ ಸಿನಿಮಾ ಬೋರ್ಡು ಬರೆಯುತ್ತಿದ್ದವನು. ಅವನು ಬರೆದ ನಾಯಕಿಯ ಕಣ್ಣಲ್ಲಿ ಗೂಡು ಕಟ್ಟಲು ಹೋಗಿ ಗುಬ್ಬಿಗಳು ಮೂತಿ ಒಡೆದುಕೊಳ್ಳುತ್ತಿದ್ದವು. ಮಗಳ ಪಾಲಿಗೆ ಬಂದದ್ದು ಅಕ್ಷರ. ಹತ್ತೊಂಬತ್ತಕ್ಕೆ ಇಲಾಖೆ ಸೇರಿದಳು, ಮದುವೆಯ ಗೋಜಿಗೆ ಹೋಗಲಿಲ್ಲ. ಟೈಪಿನ ಜೊತೆಗೆ ವರ್ಷಕ್ಕೊಮ್ಮೆ ಒಂದು ಸಣ್ಣ ರಟ್ಟು ಬರೆದುಕೊಡುತ್ತಿದ್ದಳು: 'ಪ್ರತಿಭಟನೆಯೊಂದಿಗೆ.'

ಆ ರಟ್ಟು ಹೋಗುತ್ತಿದ್ದುದು ಏಷ್ಯಾದ ಅಭಿವೃದ್ಧಿ ಬ್ಯಾಂಕಿನ ವಾರ್ಷಿಕ ಸಭೆಗೆ. ಆ ಬ್ಯಾಂಕು ಕಟ್ಟಿದವರಲ್ಲಿ ನಾವೂ ಒಬ್ಬರು. ನಮ್ಮ ನಾಡೂ ತನ್ನದೇ ಎನ್ನುವ ಪಕ್ಕದ ದೇಶ, ಆ ದೊಡ್ಡಣ್ಣ, ಸದಸ್ಯನಾದ ಮೇಲೆ, ನಮ್ಮನ್ನು ಕೇಳದೆಯೇ ಅಲ್ಲಿ ನಮ್ಮ ದೇಶದ ಹೆಸರು ಬದಲಾಯಿತು. ಎದ್ದುಹೋದರೆ ಕುರ್ಚಿ ಹೋಗುತ್ತದೆ. ಸುಮ್ಮನೆ ಕೂತರೆ ಆ ಹೆಸರು ಒಪ್ಪಿದಂತೆ. ಅದಕ್ಕೇ ಮೇಜಿನ ಮೇಲೆ ಬ್ಯಾಂಕಿನವರಿಟ್ಟ ಹೆಸರುಹಲಗೆಯ ಪಕ್ಕ ನಮ್ಮ ರಟ್ಟು ಇಟ್ಟು ಕೂರುವುದು.

ಒಂದು ವರ್ಷ ಮನಿಲಾದ ಸಭೆಗೆ ಲಾಯ್‌ಳನ್ನೂ ಕರೆದೊಯ್ದಿದ್ದೆವು. ಸಭೆಗೆ ಅರ್ಧ ಗಂಟೆ ಇರುವಾಗ ಪೆಟ್ಟಿಗೆ ತೆರೆದೆ. ರಟ್ಟು ಇರಲಿಲ್ಲ. ನನ್ನ ಬೆವರಿಗೆ ಮನಿಲಾದ ಕಡಲು ಒಂದು ಗೇಣು ಏರಿತು.

"ಮಂತ್ರಿಗಳು ಬಾಗಿಲಲ್ಲೇ ನಿಂತಿದಾರೆ. ರಟ್ಟಿಲ್ದೆ ಒಳಗೆ ಕಾಲಿಡಲ್ವಂತೆ," ಅಂದೆ.

"ಗುಂಡುಸೂಜಿ ತಂದಿದೀರಾ, ಫಾಂಗಣ್ಣ?"

"ತಂದಿದೀನಿ."

"ಸದ್ಯ, ಬದುಕಿದ್ವಿ. ಆ ಅನಾನಸ್ ಕೇಕಿನ ರಟ್ಟಿನ ಡಬ್ಬಿ ಕೊಡಿ ಇಲ್ಲಿ."

"ಅದು ಇಲ್ಲಿರೋ ನಮ್ಮ ಭಾವಮೈದುನನಿಗೆ ತಂದಿದ್ದು ಕಣಮ್ಮ."

"ಅವ್ರ ಕುರ್ಚಿ ಯಾರೂ ಕಿತ್ಕೊಳ್ತಿಲ್ವಲ್ಲ."

ಖಾಲಿ ಸಭಾಂಗಣಕ್ಕೆ ನುಗ್ಗಿ ಊಟದ ಕಡ್ಡಿಯಲ್ಲಿ ಹೆಸರುಹಲಗೆಯ ಎತ್ತರ ಅಳೆದು ಬಂದಳು. ರಟ್ಟು ಅದಕ್ಕಿಂತ ಉದ್ದವಾದರೆ ತೆಗೆಸಿಬಿಟ್ಟಾರು, ಕುಳ್ಳಾದರೆ ಯಾರಿಗೂ ಕಾಣದು ಎಂಬುದು ಅವಳ ಲೆಕ್ಕ. ಡಬ್ಬಿಯ ಬಿಳಿ ಒಳಮೈಯನ್ನು ಕತ್ತರಿಸಿ, ಮಡಿಸಿ, ಅದೇ ಅಕ್ಷರ ಬರೆದಳು. ಮಂತ್ರಿಗಳು ಅದನ್ನಿಟ್ಟು ಕೂತರು, ಭಾಷಣವನ್ನೂ ಮಾಡಿದರು. ಕೊನೆಯ ಸಾಲಿನವರು ಕನ್ನಡಕ ಜೇಬಿನಲ್ಲಿಟ್ಟುಕೊಂಡೇ ಆ ಅಕ್ಷರ ಓದಿದರು. ಬರೆದವಳಿಗೆ ಮಾತ್ರ ಪಾಸಿರಲಿಲ್ಲ. ನಾಲ್ಕು ಗಂಟೆ ಹೊರಗಿನ ಬೆಂಚಿನಲ್ಲಿ ಕೂತಿದ್ದಳು.

ಸಭೆ ಮುಗಿದ ಮೇಲೆ ನನಗೆ ಭಾವಮೈದುನನ ನೆನಪಾಯಿತು.

"ಡಬ್ಬಿ ಹೋದ್ರೆ ಹೋಗ್ಲಿ. ಕೇಕು ಎಲ್ಲಿ, ಲಾಯ್? ಹನ್ನೆರಡಿದ್ವು."

ಅವಳು ತುಟಿಯ ಪುಡಿ ಒರೆಸಿಕೊಂಡಳು.

"ತಿಂದೆ, ಫಾಂಗಣ್ಣ. ಪ್ರತಿಭಟನೆಯೊಂದಿಗೆ."