ಅಂಗಾಲಿಗೆ ಮುಟ್ಟಿದ ದಾರ

“ಕಣ್ಣ ಮುಚ್ಚಿಕೊಳ್ರಿ ಅಜ್ಜಾರ. ಕಾಲಿಗೆ ದಾರ ಮುಟ್ಟಿದ್ದು ಗೊತ್ತಾದ್ರ ಹೂಂ ಅನ್ರಿ” ಎಂದರು ಗದಗಿನ ಡಾಕ್ಟರು. ಬೆಟಗೇರಿಯಲ್ಲಿ ಸೀರೆ ನೇಯುವ ನಮ್ಮ ಮಾವ ಹೂಂ ಅನ್ನಲೇ ಇಲ್ಲ. ಕೊನೆಗೆ ತಾವೇ ಕಣ್ಣು ತೆರೆದು, ಡಾಕ್ಟರ ಕೈಯಲ್ಲಿದ್ದ ದಾರವನ್ನು ಬೆರಳಲ್ಲಿ ಹೊಸೆದು ನೋಡಿದರು. “ನೈಲಾನ್ ಅಲ್ರೀ ಇದು? ನೇಯಾಕ ಬರಂಗಿಲ್ಲ ಬಿಡ್ರಿ.”

ಡಾಕ್ಟರು ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಬೆರಳಿಗೆ ಗುರುತು ಸಿಕ್ಕ ದಾರ ಅಂಗಾಲಿಗೆ ಮುಟ್ಟಿದ್ದೇ ಅವರಿಗೆ ತಿಳಿದಿರಲಿಲ್ಲ.

ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂರುವ ನಮ್ಮ ಓಣಿಯಲ್ಲಿ ಯಾರ ಕಾಲು ಜೋಮು ಹಿಡಿದರೂ ಬೈಗುಳ ಮಗ್ಗಕ್ಕೇ. ಮಾವನ ಕಾಲು ಜೋಮು ಹಿಡಿದಾಗ ನಾವೂ ಗುಂಡಿಯ ಅಂಚಿಗೆ ಕೌದಿ ಹಾಸಿ ಸುಮ್ಮನಿದ್ದೆವು. ಸಕ್ಕರೆ ಕಾಯಿಲೆ, ಥೈರಾಯ್ಡ್, ಬೆನ್ನಿನಲ್ಲಿ ನರ ಒತ್ತಿರುವುದು, ಏನು ಬೇಕಾದರೂ ಇರಬಹುದೆಂದು ಡಾಕ್ಟರು ತಪಾಸಣೆ ಮಾಡಿಸಿದರು. ಸಿಕ್ಕಿದ್ದು ಬಿ-12 ಜೀವಸತ್ವದ ಕೊರತೆ. ಇಂಜೆಕ್ಷನ್ ಶುರುವಾಯಿತು.

ಅಂದಿನಿಂದ ಅತ್ತೆ ಮುಂಜಾನೆ ಮಗ್ಗದಿಂದ ಒಂದು ಎಳೆ ತಂದು ಮಾವನ ಅಂಗಾಲಿಗೆ ಸವರಿ ನೋಡುತ್ತಿದ್ದರು. ಮೊನ್ನೆ ಪಡಸಾಲೆಯಿಂದ ಮಾವನ ಕೂಗು ಕೇಳಿತು: “ಸಾಕ ಮಾಡಲೇ, ಕಚಗುಳಿ ಆಗಾಕತ್ತೈತಿ!” ಓಡಿ ಹೋಗಿ ನೋಡಿದರೆ, ಅತ್ತೆ ಆಗಲೇ ಇನ್ನೊಂದು ಕಾಲು ಹಿಡಿದಿದ್ದರು.