ಒಳಾಂಗಣದ ಎಸಿ ಮತ್ತು ಅಪ್ಪನ ರಾಜವೇಷ

ಕೋಪರಖೈರಣೆಯ ನಮ್ಮ ಬಾಲ್ಕನಿಯಿಂದ ಕಾಣುತ್ತಿದ್ದ ಆ ಕಟ್ಟಡ ಏನೆಂದು ಬಹಳ ದಿನ ನಮ್ಮ ಬಿಲ್ಡಿಂಗಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎರಡು ಸಾವಿರದ ಐದರ ಸುಮಾರಿಗೆ ಕೆಸರು ಜಾಗಕ್ಕೆ ಲಾರಿಗಟ್ಟಲೆ ಮಣ್ಣು ಬಿತ್ತು, ಆಮೇಲೆ ಚಾವಣಿಗೆ ಕಬ್ಬಿಣದ ಕಮಾನುಗಳು ಎದ್ದವು. ಕೆಲಸಕ್ಕೆಂದು ದಿನವೂ ಭಿವಂಡಿಯ ಗೋದಾಮುಗಳಿಗೆ ಹೋಗುತ್ತಿದ್ದ ನನ್ನ ಗಂಡ, ಇದೂ ಗೋದಾಮೇ ಎಂದು ತೀರ್ಪು ಕೊಟ್ಟರು. ನೌಪಾಡಾದ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಆಯುಷ್ಯ ಕಳೆದು, ನಿವೃತ್ತರಾಗಿ ನಮ್ಮ ಜೊತೆಗಿದ್ದ ಅಪ್ಪ ಮಾತ್ರ ಒಪ್ಪಲಿಲ್ಲ. "ಗೋದಾಮಿಗೆ ಅಷ್ಟು ಚಂದದ ಮಾಡು ಯಾರು ಹಾಕ್ತಾರೆ ಮಾರಾಯ್ತಿ? ಅದು ಮದುವೆ ಹಾಲ್, ಬೇಕಾದ್ರೆ ನೋಡು."

ಕೊನೆಗೆ ಒಳಾಂಗಣ ಕ್ರೀಡಾಂಗಣ ಎಂಬ ಬೋರ್ಡು ಬಂತು. ಬೋರ್ಡು ಬಂದರೂ ಗೊಂದಲ ಹೋಗಲಿಲ್ಲ. ಮೊದಲು ಕಬಡ್ಡಿ ನಡೆಯಿತು, ಅದರ ಬೆನ್ನಿಗೆ ಸೀರೆಗಳ ಪ್ರದರ್ಶನ ಮತ್ತು ಮಾರಾಟ. ಚುನಾವಣೆ ಬಂದಾಗ ಮತಯಂತ್ರಗಳನ್ನು ಒಳಗಿಟ್ಟು ಬಾಗಿಲಿಗೆ ಪೊಲೀಸರನ್ನು ಕೂರಿಸಿದರು. ಅಪ್ಪ ಹೇಳಿದಂತೆ ಒಂದೆರಡು ಮದುವೆಗಳೂ ಆದವು. ಮರದ ನೆಲದ ಮೇಲೆ ಎಲ್ಲ ಆಟಗಳ ಗೆರೆಗಳನ್ನೂ ಬೇರೆ ಬೇರೆ ಬಣ್ಣದಲ್ಲಿ ಒಂದರ ಮೇಲೊಂದು ಎಳೆದಿದ್ದರು. ಯಾವ ಗೆರೆ ಯಾವ ಆಟದ್ದೆಂದು ನನಗೆ ಇವತ್ತಿಗೂ ತಿಳಿಯದು.

ಮಗಳಿಗೆ ತಿಳಿಯುತ್ತಿತ್ತು. ಅವಳು ಚಿಕ್ಕಂದಿನಿಂದಲೇ ಅಲ್ಲಿ ಬ್ಯಾಡ್ಮಿಂಟನ್ ಕಲಿಯುತ್ತಿದ್ದಳು. ಇಲ್ಲಿ ಹುಟ್ಟಿದ ಹುಡುಗಿ. ನಾವು ಕನ್ನಡದಲ್ಲಿ ಏನೇ ಹೇಳಿದರೂ ಅರ್ಥ ಮಾಡಿಕೊಂಡು ಉತ್ತರವನ್ನು ಹಿಂದಿಯಲ್ಲೇ ಕೊಡುತ್ತಿದ್ದಳು. ಅಪ್ಪನಿಗೆ ಅದೊಂದು ಕೊರಗು.

ಅಪ್ಪನಿಗೆ ಯಕ್ಷಗಾನದ ಹುಚ್ಚು. ಠಾಣೆ, ಡೊಂಬಿವಲಿಯ ಶಾಲಾ ಹಾಲುಗಳಲ್ಲಿ, ಮೂರು ಮಂದಿ ನಿಂತರೆ ನಾಲ್ಕನೆಯವನು ಕೆಳಗೆ ಬೀಳುವಂಥ ವೇದಿಕೆಗಳಲ್ಲಿ ಕುಣಿದವರು. ಹೃದಯದ ಆಪರೇಷನ್ ಆದಮೇಲೆ ಡಾಕ್ಟರು ವೇಷ ಹಾಕುವುದನ್ನೇ ನಿಲ್ಲಿಸಿಬಿಟ್ಟರು. ಅಪ್ಪ ಡಾಕ್ಟರ ತಲೆ ತಿಂದು ತಿಂದು ಕೊನೆಗೊಮ್ಮೆ ಒಂದು ಸಣ್ಣ ರಾಜವೇಷಕ್ಕೆ ಅನುಮತಿ ಪಡೆದರು. ಸೆಕೆಯಲ್ಲಿ ಮಾತ್ರ ಕೂಡದು ಎಂಬ ಷರತ್ತು. ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವ ಆ ವರ್ಷ ಇದೇ ಕ್ರೀಡಾಂಗಣದಲ್ಲಿತ್ತು. "ಎಸಿ ಉಂಟಲ್ಲ!" ಎಂದರು ಅಪ್ಪ. ಇದೇ ಕೊನೆಯ ವೇಷ ಎಂದು ಅವರೇ ಹೇಳಿದ್ದರಿಂದ ನಾನು ಬಾಯಿ ಮುಚ್ಚಿಕೊಂಡೆ.

ಆ ಭಾನುವಾರ ಅರ್ಧ ಜಾಗವನ್ನು ಶಾಲೆಗಳ ಬ್ಯಾಡ್ಮಿಂಟನ್‌ಗೂ ಇನ್ನರ್ಧವನ್ನು ನಮಗೂ ಕೊಟ್ಟು, ನಡುವೆ ಒಂದು ದೊಡ್ಡ ಪರದೆ ಎಳೆದಿದ್ದರು. ಮಧ್ಯಾಹ್ನದೊಳಗೆ ಆಟ ಮುಗಿಯಬೇಕಿತ್ತು. ಮುಗಿಯಲಿಲ್ಲ. ಈಚೆ ನಮ್ಮವರು ದೀಪ ಹಚ್ಚಿ ಭಾಷಣ ಶುರುಮಾಡಿದಾಗ ಆಚೆ ಮಗಳ ಸೆಮಿಫೈನಲ್ ಶುರುವಾಯಿತು. ಎಸಿ ಆಫ್ ಆಗಿತ್ತು. ನಾನು ಆಫೀಸಿಗೆ ಓಡಿದೆ.

"ಮ್ಯಾಚ್ ಸಂಪಲ್ಯಾಶಿವಾಯ್ ಎಸಿ ಲಾವತಾ ಯೇಣಾರ್ ನಾಹಿ, ತಾಈ," ಎಂದ ಅಲ್ಲಿದ್ದವನು. ಗಾಳಿ ಬೀಸಿದರೆ ಹಗುರ ಶಟಲ್ ದಿಕ್ಕು ತಪ್ಪುತ್ತದಂತೆ, ಆಟ ಮುಗಿಯದೆ ಎಸಿ ಹಾಕುವಂತಿಲ್ಲವಂತೆ. ಇಡೀ ಕಟ್ಟಡಕ್ಕೆ ಒಂದೇ ಎಸಿ. ಮಗಳಿಗೆ ಅದು ಬೇಡ, ಅಪ್ಪನಿಗೆ ಅದಿಲ್ಲದೆ ಆಗದು. ಯಾರ ಮೇಲೆ ರೇಗಬೇಕೆಂದೂ ತಿಳಿಯದೆ ಅವನ ಮೇಲೆಯೇ ರೇಗಿ ಬಂದೆ.

ಎರಡು ಗೇಮು ಮುಗಿದ ಮೇಲೆ ಬಣ್ಣ ಹಚ್ಚುವ ಚೌಕಿಗೆ ಹೋದರೆ ಅಪ್ಪ ಪೂರ್ತಿ ರಾಜನಾಗಿ ಸ್ಟೂಲಿನ ಮೇಲೆ ಕೂತಿದ್ದರು. ಬಿಗಿದು ಕಟ್ಟಿದ ವೇಷದೊಳಗೆ ಮನುಷ್ಯ ಬೇಯುತ್ತಿದ್ದುದು ಮುಖದ ಮೇಲೆಯೇ ಕಾಣುತ್ತಿತ್ತು.

"ಮಗುದು ಎಂತಾಯ್ತು?" ಎಂದರು.

"ಒಂದು ಗೇಮ್ ಅವಳು, ಒಂದು ಗೇಮ್ ಆ ಹುಡುಗಿ. ಇನ್ನೊಂದು ಉಂಟು. ಕಿರೀಟ ಆದ್ರೂ ತೆಗೀರಿ ಅಪ್ಪ."

"ತೆಗೆದ್ರೆ ಮತ್ತೆ ಸರಿ ಕೂತ್ಕೊಳ್ಳುದಿಲ್ಲ. ನಂಗೆ ಎಂತ ಆಗುದಿಲ್ಲ. ನೀನು ಹೋಗು, ಮಗು ಒಂದೇ ಉಂಟಲ್ಲ ಅಲ್ಲಿ."

ನಾನು ಪರದೆ ದಾಟಿ ಕೋರ್ಟಿನ ಪಕ್ಕ ಕೂತೆ. ಕೊನೆಯ ಗೇಮು ಸಮಸಮವಾಗಿ ಎಳೆಯುತ್ತಲೇ ಹೋಯಿತು. ಬೇಗ ಮುಗಿಸಪ್ಪಾ ದೇವರೇ ಎಂದು ಬೇಡಿಕೊಂಡೆ. ಯಾರು ಗೆದ್ದು ಮುಗಿಯಬೇಕೆಂದು ಮಾತ್ರ ದೇವರಿಗೆ ಹೇಳಲಿಲ್ಲ.

ಆಗ ಪರದೆಯ ಅಂಚು ಸರಿಯಿತು. ಅಪ್ಪ, ಕಿರೀಟ ತಾಗದಂತೆ ತಲೆ ತಗ್ಗಿಸಿ ಇಣುಕಿದರು. ಕೆನ್ನೆಯ ಕೆಂಪು ಕರಗಿ ಕುತ್ತಿಗೆಗೆ ಇಳಿದಿತ್ತು, ಒಂದು ಕೈ ಕಂಬಿ ಹಿಡಿದಿತ್ತು. ಮಗಳು ಸರ್ವಿಸಿಗೆ ಎತ್ತಿದ ಶಟಲನ್ನು ಕೆಳಗಿಳಿಸಿ ಅಜ್ಜನನ್ನೇ ನೋಡಿದಳು. ಅಷ್ಟರಲ್ಲಿ ಒಳಗಿಂದ ಯಾರೋ ಕರೆದರು, ಅಪ್ಪ ಮರೆಯಾದರು.

ಮಗಳು ಆ ಪಾಯಿಂಟ್ ಸೋತಳು. ಅದೇ ಹೊತ್ತಿಗೆ ಪರದೆಯಾಚೆ ಯಾರಿಗೋ ಶಾಲು ಹೊದಿಸಿದರೆಂದು ಕಾಣುತ್ತದೆ, ನಮ್ಮವರೆಲ್ಲ ಜೋರಾಗಿ ಚಪ್ಪಾಳೆ ತಟ್ಟಿದರು. ನನ್ನ ಕೈಯೂ ತಟ್ಟುತ್ತಿತ್ತು. ಮಗಳು ತಿರುಗಿ ನೋಡಿದಾಗಲೇ ನನಗೆ ಅದರ ಅರಿವಾದದ್ದು. ಆಚೆಯವರ ಜೊತೆ ಸುಮ್ಮನೆ ತಟ್ಟಿದೆನೋ, ಒಂದು ಪಾಯಿಂಟ್ ಕಡಿಮೆಯಾಯಿತೆಂದು ತಟ್ಟಿದೆನೋ, ಆಗಲೂ ಗೊತ್ತಿರಲಿಲ್ಲ.

ಆಮೇಲಿನ ಎರಡು ಶಟಲ್‌ಗಳು ನೆಟ್ಟಿಗೆ ಬಡಿದು ಅವಳ ಕಾಲಬುಡದಲ್ಲೇ ಬಿದ್ದವು. ಆಟ ಮುಗಿಯಿತು. ಮಾಡಿನ ಕೆಳಗೆ ಎಸಿ ಗುಂಯ್‌ಗುಟ್ಟಿತು.

ಅಪ್ಪ ಚೆನ್ನಾಗಿ ಕುಣಿದರಂತೆ. ನಾನು ನೋಡಿದ್ದು ಕಾಲನ್ನಲ್ಲ, ಅವರ ಎದೆ ಏರಿಳಿಯುವುದನ್ನು. ಡಾಕ್ಟರು ಬೇಡವೆಂದಿದ್ದ ಗಿರಕಿಯನ್ನೂ ಬಿಡದೆ ಹೊಡೆದರು, ಕಿಲಾಡಿ ಮುದುಕ! ನನಗೆ ಅಳು ಬಂತು, ಸಿಟ್ಟೂ ಬಂತು.

ಕುಣಿದು ಬಂದು ಚೌಕಿಯಲ್ಲಿ ಕೂತವರು ಮೊದಲು ಕೇಳಿದ್ದು ಮೊಮ್ಮಗಳನ್ನು. "ಗೆದ್ದ್ಯಾ ಮಗಾ?"

ಅವಳು ಅಜ್ಜನ ಕಾಲಿನ ಗೆಜ್ಜೆ ಬಿಚ್ಚುತ್ತಾ, ತಲೆಯೆತ್ತದೆ, ಕನ್ನಡದಲ್ಲಿ ಹೇಳಿದಳು: "ಹೌದು ಅಜ್ಜ. ಗೆದ್ದೆ."

ಅಪ್ಪ ಇರುವಷ್ಟು ದಿನ ಮನೆಗೆ ಬಂದವರಿಗೆಲ್ಲ, ಒಂದೇ ಮಾಡಿನಡಿ ಮೊಮ್ಮಗಳು ಗೆದ್ದದ್ದನ್ನೂ ತಾವು ಕುಣಿದದ್ದನ್ನೂ ಹೇಳಿ ಸಂಭ್ರಮಪಟ್ಟರು. ನಾವಿಬ್ಬರೂ ತಿದ್ದಲಿಲ್ಲ.

ಈಗ ಆ ನೆಲಕ್ಕೆ ಹಾಸು ಹಾಕಿ, ಗೆರೆಗಳನ್ನೆಲ್ಲ ಮುಚ್ಚಿ, ದೊಡ್ಡ ದೊಡ್ಡ ಗಾಯಕರ ಕಾರ್ಯಕ್ರಮ ಮಾಡುತ್ತಾರೆ. ನಮ್ಮ ಸಂಘಕ್ಕೆ ಅದರ ಬಾಡಿಗೆ ಎಟುಕದು. ಅಪ್ಪ ಹೋದ ಮೇಲೆ ಒಮ್ಮೆ ಮಗಳೇ ನನ್ನನ್ನು ಅಂಥದೊಂದು ಕಾರ್ಯಕ್ರಮಕ್ಕೆ ಕರೆದುಕೊಂಡು ಹೋದಳು. ನಮ್ಮ ಕುರ್ಚಿಗಳು ಅವಳ ಹಳೆಯ ಕೋರ್ಟಿನ ಮೇಲೆಯೇ ಇವೆ ಎಂದಳು. ನನಗೆ ತಡೆಯಲಾಗಲಿಲ್ಲ.

"ಆವತ್ತು ನೀನು ಬೇಕಂತಲೇ ಸೋತೆಯಾ?"

ಹಾಡು ಮುಗಿಯುತ್ತಿತ್ತು. ಅವಳು ನನ್ನ ಕಿವಿಯ ಹತ್ತಿರ ಬಾಗಿ, "ಪೆಹಲೇ ತೂ ಬತಾ, ತಾಲೀ ಕಿಸ್ ಕೇ ಲಿಯೇ ಥೀ?" ಎಂದಳು. ಆ ದಿನ ನನ್ನ ಚಪ್ಪಾಳೆ ಯಾರಿಗಿತ್ತು ಎಂದು ನಾನು ಮೊದಲು ಹೇಳಬೇಕಂತೆ.

ಸುತ್ತಲಿನವರೆಲ್ಲ ಎದ್ದು ಚಪ್ಪಾಳೆ ತಟ್ಟತೊಡಗಿದರು. ನಾನು ಕೈಗಳನ್ನು ಮಡಿಲಲ್ಲೇ ಇಟ್ಟುಕೊಂಡು ಕೂತಿದ್ದೆ.